ಯೂಟ್ಯೂಬ್‌ನಲ್ಲಿ ಕಲಿತೆ ಅಂದುಬಿಟ್ಟೆ

ಶಾಲೆಯ ನೆನಪು ಬರೆದು ಕೊಡಿ ಅಂತ ಹೆಡ್ ಮೇಡಂ ಫೋನ್ ಮಾಡಿದಾಗ ಹ್ಞೂಂ ಅಂದೆ. ಬರೆಯಲು ಕೂತರೆ ತಲೆಗೆ ಬರುತ್ತಿರುವುದು ನಮ್ಮ ವಾಸ್ಕೋದ ಕನ್ನಡ ಶಾಲೆ ಅಲ್ಲ, ಆಮೇಲೆ ಹೋದ ಗೋವಾ ವಿಶ್ವವಿದ್ಯಾಲಯ. ಬೈಯಬೇಡಿ. ಸುತ್ತಿ ಬಳಸಿ ಶಾಲೆಗೇ ಬರುತ್ತೇನೆ.

2014ರಲ್ಲಿ ಎಂ.ಎ.ಗೆ ಸೇರಿದೆ. ವಾಸ್ಕೋದಿಂದ ಒಂದು ಬಸ್ಸು, ಕೊರ್ಟಾಲಿಂ ದಾಟಿದರೆ ಜುವಾರಿ ಸೇತುವೆ ಮೇಲೆ ಜಾಮ್ (ಹೊಸ ಸೇತುವೆ ಆಗ ಇರಲಿಲ್ಲ), ಬಾಂಬೋಳಿಯಲ್ಲಿ ಇಳಿದು ತಾಳಗಾಂವ್ ಗುಡ್ಡದ ಮೇಲಿನ ಕ್ಯಾಂಪಸ್ಸಿಗೆ ಇನ್ನೊಂದು. ಸರ್ಕಾರಿ ಬಸ್ಸಿನ ಮೈಮೇಲೆ ‘ಕದಂಬ’ ಅಂತ ದೊಡ್ಡದಾಗಿ ಬರೆದಿರುತ್ತೆ. ಬನವಾಸಿ ಕದಂಬರದೇ ಒಂದು ಕವಲು ಗೋವೆಯನ್ನು ಆಳಿತ್ತಲ್ಲ, ಅದೇ ಹೆಸರು. ಆ ಬಸ್ಸಿನಲ್ಲಿ ಕೂತಾಗ ಅಮ್ಮನ ಫೋನ್ ಬಂದರೆ ನಾನು ಎತ್ತುತ್ತಿರಲಿಲ್ಲ. ಎತ್ತಿದರೆ ಕನ್ನಡದಲ್ಲಿ ಮಾತಾಡಬೇಕಲ್ಲ!

ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕನ್ನಡದವರು ಅಂದ್ರೆ ಗೋವಾದಲ್ಲಿ ಕೆಲವರ ಬಾಯಿಗೆ ಮೊದಲು ಬರುವ ಮಾತು ‘ಘಾಂಟಿ’. ಘಟ್ಟದ ಮೇಲಿಂದ ಬಂದವರು ಅಂತ. ತಮಾಷೆ ಏನಂದ್ರೆ ನಮ್ಮದು ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗರ ಮನೆ, ಸಮುದ್ರದ ಬದಿಯಲ್ಲೇ ಹುಟ್ಟಿ ಬೆಳೆದವರು. ಅಪ್ಪ ಮುರಗಾಂವ್ ಬಂದರಿನಲ್ಲಿ ಕೆಲಸಕ್ಕೆ ಅಂತ ಕಾರವಾರ ದಾಟಿ ನೇರ ಇಲ್ಲಿಗೆ ಬಂದವರು. ಘಟ್ಟ ಹತ್ತಿದ್ದೇ ಕಡಿಮೆ! ಅದನ್ನು ಯಾರಿಗೆ ಬಿಡಿಸಿ ಹೇಳೋದು. ಸುಮ್ನೆ ಕೊಂಕಣಿ ಮಾತಾಡಿಕೊಂಡು, ಊರು ಯಾವುದು ಅಂದರೆ ವಾಸ್ಕೋ ಅಂದು ಮುಗಿಸುತ್ತಿದ್ದೆ.

ವಿಶ್ವವಿದ್ಯಾಲಯದಲ್ಲಿ ನನಗೆ ತುಂಬಾ ಹಿಡಿಸಿದ್ದು ನಮ್ಮ ಸಿಲೆಬಸ್ ಅಲ್ಲ, ಹೊರಗಿನಿಂದ ಬರುತ್ತಿದ್ದ ಕಲಾವಿದರು. ಅಲ್ಲಿ ಸಂದರ್ಶಕ ಪ್ರಾಧ್ಯಾಪಕರಿಗೆ ಅಂತ ಬೇರೆ ಬೇರೆ ಪೀಠಗಳಿವೆ. ಚಿತ್ರಕಲೆಗೆ ಮಾರಿಯೋ ಮಿರಾಂಡಾ ಹೆಸರಿನದು, ಪಾಶ್ಚಾತ್ಯ ಸಂಗೀತಕ್ಕೆ ಆಂಥೋನಿ ಗೊನ್ಸಾಲ್ವಿಸ್ ಹೆಸರಿನದು. ಆಂಥೋನಿ ಗೊನ್ಸಾಲ್ವಿಸ್ ಅಂದ್ರೆ ‘ಅಮರ್ ಅಕ್ಬರ್ ಆಂಥೋನಿ’ ಸಿನಿಮಾದ ಅಮಿತಾಭ್ ಪಾತ್ರದ ಹೆಸರು ಅಂತಲೇ ನಾನೂ ತಿಳಿದಿದ್ದೆ. ಅಲ್ಲ, ಅವರು ಮಜೋರ್ಡಾ ಊರಿನ ನಿಜವಾದ ವಯಲಿನ್ ಮೇಷ್ಟ್ರು. ಲಕ್ಷ್ಮೀಕಾಂತ್ ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಅವರ ಶಿಷ್ಯ. 1977ರ ಆ ಸಿನಿಮಾದ ಹಾಡಿನಲ್ಲಿ ಗುರುವಿನ ಹೆಸರು ಬಂದಿದ್ದು ಹಾಗೆ.

ಈ ಅತಿಥಿಗಳ ಕ್ಲಾಸಿಗೆ ಹೊರಗಿನವರೂ ಬಂದು ಕೂರಬಹುದಿತ್ತು. ರಿಟೈರ್ ಆದ ಅಂಕಲ್‌ಗಳು, ಚರ್ಚಿನಲ್ಲಿ ಹಾಡುವವರು, ಹೊರಗೆ ಬಿಸಿಲು ಅಂತ ಒಳಗೆ ಬಂದು ಕೂತ ನನ್ನಂಥವರು, ಎಲ್ಲರೂ ಒಂದೇ ಬೆಂಚಿನಲ್ಲಿ. ಇನ್ನೊಂದು ವಿಷಯ, ಈ ಕ್ಯಾಂಪಸ್ಸಿನ ವಿನ್ಯಾಸ ಮಾಡಿದವರು ಚಿತ್ರಕಾರ ಸತೀಶ್ ಗುಜ್ರಾಲ್. ಚಿಕ್ಕಂದಿನಲ್ಲೇ ಅವರ ಕಿವಿ ಹೋಗಿತ್ತು. ಅವರು ಗೆರೆ ಎಳೆದ ಕಟ್ಟಡಗಳಲ್ಲಿ ಕೂತು ನಾನು ಅಷ್ಟೆಲ್ಲ ಸಂಗೀತ ಕೇಳಿದೆ ಅಂತ ಈಗಲೂ ಒಮ್ಮೊಮ್ಮೆ ಅನಿಸುತ್ತೆ.

ಬಂದವರೆಲ್ಲ ಚೆನ್ನಾಗಿದ್ದರು ಅಂತೇನಿಲ್ಲ. ಒಬ್ಬರು ಎರಡು ಗಂಟೆ ಸ್ಲೈಡ್ ತೋರಿಸಿದರು, ಒಂದು ಗೆರೆಯನ್ನೂ ಬಿಡಿಸಲಿಲ್ಲ. ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಒಬ್ಬ ಹಿಂದೂಸ್ತಾನಿ ಗಾಯಕಿ ಬಂದಿದ್ದರು. ಜೈಪುರ ಅತ್ರೌಲಿ ಘರಾಣೆಯ ಬಗ್ಗೆ ಹಾಡಿ ಹಾಡಿ ವಿವರಿಸಿದರು. ಆ ಘರಾಣೆ ಕಟ್ಟಿದ ಅಲ್ಲಾದಿಯಾ ಖಾನರ ಹತ್ತಿರ ಕಲಿತ ಗೋವಾದ ಇಬ್ಬರು ಹೆಣ್ಣುಮಕ್ಕಳು, ಕೇರಿಯ ಕೇಸರಬಾಯಿ ಕೇರ್ಕರ್ ಮತ್ತು ಕುರ್ಡಿಯ ಮೊಗುಬಾಯಿ ಕುರ್ಡಿಕರ್. ಕೇಸರಬಾಯಿ ಹಾಡಿದ ಭೈರವಿ 1977ರಲ್ಲಿ ವಾಯೇಜರ್ ನೌಕೆಯ ಜೊತೆ ಆಕಾಶಕ್ಕೆ ಹೋಯಿತು. ಮೊಗುಬಾಯಿಯವರ ಕುರ್ಡಿ ಊರು ಸಾಳಾವ್ಲಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು, ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಮೇಲೆ ಕಾಣುತ್ತೆ. ಇಷ್ಟು ಹೇಳಿ ಅವರು, ಈ ಹಾಡಿಕೆ ಇಲ್ಲಿಗೇ ನಿಲ್ಲಲಿಲ್ಲ, ಧಾರವಾಡಕ್ಕೂ ಹೋಯಿತು ಅಂದರು. ಖಾನರ ಮಕ್ಕಳಾದ ಮಂಜಿಖಾನ್, ಆಮೇಲೆ ಬುರ್ಜಿಖಾನ್, ಇಬ್ಬರ ಹತ್ತಿರವೂ ಕಲಿತ ಮಲ್ಲಿಕಾರ್ಜುನ ಮನ್ಸೂರ ಅಂತ ಹೆಸರು ಹೇಳುವಾಗ ಅವರ ಕೈ ಗೌರವದಿಂದ ತಾನಾಗಿ ಕಿವಿಗೆ ಹೋಯಿತು. ಆ ಕ್ಯಾಂಪಸ್ಸಿನಲ್ಲಿ ಕನ್ನಡದವರ ಹೆಸರಿಗೆ ಒಬ್ಬರು ಕಿವಿ ಮುಟ್ಟಿಕೊಂಡಿದ್ದು ನಾನು ನೋಡಿದ್ದು ಅದೇ ಮೊದಲು. ಅಕ್ಕಪಕ್ಕ ನೋಡಿದೆ. ಯಾರಿಗೂ ಏನೂ ಅನಿಸಿರಲಿಲ್ಲ. ನಾನೂ ಏನೂ ಆಗದವನ ಹಾಗೆ ನೋಟ್ಸ್ ಬರೆದುಕೊಂಡೆ.

ಈಗ ಅಸಲು ವಿಷಯ. ಒಂದು ಮಧ್ಯಾಹ್ನ ಘುಮಟ್ ಬಾರಿಸುವ ಒಬ್ಬ ಹಿರಿಯರು ಬಂದರು. ಘುಮಟ್ ಅಂದ್ರೆ ಮಣ್ಣಿನ ಮಡಕೆಯ ವಾದ್ಯ, ಎರಡೂ ಕಡೆ ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತಾರೆ, ಸಣ್ಣ ಬಾಯಿ ತೆರೆದೇ ಇರುತ್ತೆ. ಹಿಂದೆ ಉಡದ ಚರ್ಮ ಹಾಕುತ್ತಿದ್ದರು, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ, ಈಗ ಆಡಿನ ಚರ್ಮ. ಉಡದ ಚರ್ಮದ ದನಿಯೇ ಬೇರೆ ಅಂತ ಹೇಳುವವರು ಬಹಳ ಜನ ಇದ್ದಾರೆ. ಈ ಅಜ್ಜ ಮಾತ್ರ ‘ಉಡವೂ ಬದುಕಲಿ, ಘುಮಟವೂ ಬದುಕಲಿ’ ಅಂದು ನಕ್ಕುಬಿಟ್ಟರು. ಚೌತಿಯ ಆರತಿಗೆ ಘುಮಟ್, ಶಾಮೆಲ್ ಅನ್ನೋ ಚರ್ಮವಾದ್ಯ, ಕಾಸಾಳೆ ಅನ್ನೋ ತಾಳ ಸೇರಿ ಹೇಗೆ ಏರುತ್ತೆ ಅಂತ ಬಾಯಲ್ಲೇ ಬೋಲು ಹೇಳಿ ತೋರಿಸಿದರು. ಗೋವಾದ ಕ್ರೈಸ್ತರ ಮಾಂಡೋ ಹಾಡಿಗೆ ಇದೇ ಘುಮಟ್ ವಯಲಿನ್ ಪಕ್ಕದಲ್ಲಿ ಎಷ್ಟು ಮೆತ್ತಗೆ ಕೂರುತ್ತೆ ಅಂತಲೂ.

ಆಮೇಲೆ ಘುಮಟವನ್ನು ನಮ್ಮ ಕೈಗೆ ಕೊಟ್ಟರು. ಸಾಲಾಗಿ ಕೈ ದಾಟುತ್ತಾ ಬಂತು. ಎಲ್ಲರೂ ಬಲಗೈಯಿಂದ ಧಪಧಪ ಅಂತ ಚರ್ಮಕ್ಕೆ ಹೊಡೆದು ನಕ್ಕು ಮುಂದೆ ಕೊಡುತ್ತಿದ್ದರು. ನನ್ನ ತೊಡೆಯ ಮೇಲೆ ಬಂದು ಕೂತಿತು. ನಾನು ಏನೂ ಯೋಚನೆ ಮಾಡಲಿಲ್ಲ, ಎಡ ಅಂಗೈ ಹಿಂದಿನ ಸಣ್ಣ ಬಾಯಿಗೆ ಹೋಯಿತು. ಮುಚ್ಚಿ ತೆಗೆದರೆ ತಾನೇ ಘುಂ ಅನ್ನೋದು. ಬಲಗೈ ಬೆರಳು ಆಡಿತು. ನನ್ನ ಸ್ವಂತ ಅಜ್ಜ ಸುಗ್ಗಿಯ ಹೊತ್ತಿಗೆ ಅಂಗಳದಲ್ಲಿ ಕೂತು ಬಾರಿಸುತ್ತಿದ್ದ ಗುಮಟೆಯ ಪೆಟ್ಟು, ನಾಲ್ಕೇ ನಾಲ್ಕು ಸುತ್ತು. ಮಡಕೆಯ ಒಳಗಿನ ತಂಪು ಗಾಳಿ ಅಂಗೈಗೆ ಬಡಿಯುತ್ತೆ ಗೊತ್ತಾ, ಪ್ರತಿ ಪೆಟ್ಟಿಗೂ ಒಂದೊಂದು ಸಲ. ಅದು ಬಡಿದಾಗ ಕೈ ಬಿಟ್ಟೆ.

ಕ್ಲಾಸು ಸುಮ್ಮನಾಯಿತು. ಹಿರಿಯರು ಹತ್ತಿರ ಬಂದು ಕೊಂಕಣಿಯಲ್ಲಿ ಕೇಳಿದರು, ಎಲ್ಲಿ ಕಲಿತೆ ಬಾಬಾ?

ಹೇಳಬಹುದಿತ್ತು. ಇದು ನಮ್ಮಲ್ಲೂ ಇದೆ, ಗುಮಟೆ ಅಂತೀವಿ, ಹಾಲಕ್ಕಿಗಳ ಗುಮಟೆ ಪಾಂಗ್ ಅಂತ ಹಾಡಿಕೆಯೇ ಇದೆ, ಪೋರ್ತುಗೀಸರ ಕಾಲದಲ್ಲಿ ಇಲ್ಲಿಂದ ತೆಂಕಣಕ್ಕೆ ಓಡಿದ ಕುಡುಬಿಯರು ಉಡುಪಿ ಕಡೆ ಇವತ್ತಿಗೂ ಹೋಳಿಗೆ ಗುಮಟೆ ಹಿಡಿದು ಕುಣಿಯುತ್ತಾರೆ ಅಂತ. ಅಷ್ಟೂ ನಾಲಿಗೆಯ ತುದಿಗೆ ಬಂದಿತ್ತು. ‘ಯೂಟ್ಯೂಬ್‌ನಲ್ಲಿ ನೋಡಿದ್ದೆ’ ಅಂದುಬಿಟ್ಟೆ.

ಅವರು ನನ್ನ ಎಡಗೈಯನ್ನೇ ಒಂದು ಕ್ಷಣ ನೋಡಿದರು. ‘ಒಳ್ಳೆ ಯೂಟ್ಯೂಬ್’ ಅಂದು ಘುಮಟ ತೆಗೆದುಕೊಂಡು ಮುಂದಿನ ಹುಡುಗಿಗೆ ಕೊಟ್ಟರು. ಮತ್ತೆ ಅವರನ್ನು ನಾನು ನೋಡಲಿಲ್ಲ.

2017ರಲ್ಲಿ ನಮ್ಮ ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ಬಂದಾಗ ಎಂ.ಎ. ವಾಟ್ಸಾಪ್ ಗುಂಪಿಗೆ ಅವರ ಫೋಟೋ ಹಾಕಿ ‘ನಮ್ಮ ಕಡೆಯವರು’ ಅಂತ ಬರೆದೆ. ನೀನು ವಾಸ್ಕೋದವನಲ್ವಾ ಅಂತ ಇಬ್ಬರು ಕೇಳಿದರು. ಅದಕ್ಕೂ ಹೌದು ಅಂದೆ. 2019ರಲ್ಲಿ ಗೋವಾ ಸರ್ಕಾರ ಘುಮಟ್ ಅನ್ನು ರಾಜ್ಯದ ಪಾರಂಪರಿಕ ವಾದ್ಯ ಅಂತ ಘೋಷಿಸಿತು. ಪೇಪರ್ ಓದಿದವನು ಆ ವಾರವೇ ಊರಿಗೆ ಹೋಗಿ ಅಟ್ಟ ಹತ್ತಿದೆ. ಅಜ್ಜನ ಗುಮಟೆ ಇತ್ತು. ಯಾವ ಚರ್ಮವೋ ಏನೋ, ಇಲಿ ತಿಂದು ಮುಗಿಸಿತ್ತು. ಅಜ್ಜಿ ಅದರೊಳಗೆ ಒಣ ಹುಣಸೆಹಣ್ಣು ತುಂಬಿಟ್ಟಿದ್ದಳು. ಈಗಲೂ ಮೂಗು ಹತ್ತಿರ ಒಯ್ದರೆ ಹುಳಿ ವಾಸನೆ ಹೊಡೆಯುತ್ತೆ.

ಮೇಡಂ, ಈ ಸಲ ವಾರ್ಷಿಕೋತ್ಸವಕ್ಕೆ ಅದನ್ನು ತರುತ್ತಿದ್ದೇನೆ. ನನಗೆ ಬರೋದು ಅದೇ ನಾಲ್ಕು ಸುತ್ತು, ಜಾಸ್ತಿ ನಿರೀಕ್ಷೆ ಬೇಡ. ಮಡಕೆ ಅಜ್ಜನದೇ, ಆಡಿನ ಚರ್ಮ ಹೊಸದು. ಮಕ್ಕಳ ಕೈಗೆ ಧಾರಾಳವಾಗಿ ಕೊಡಿ. ಸ್ಟೇಜಿನ ಸಿಮೆಂಟಿನ ಮೇಲೆ ಮಾತ್ರ ಹಾಗೇ ಇಡುವುದು ಬೇಡ, ಒಂದು ಗೋಣಿಚೀಲ ಹಾಸಿರಿ.