ನಾಲ್ಕು ಕಾಗದ, ಒಬ್ಬ ಸೈನಿಕ

ಹೋದ ತಿಂಗಳು ಒಂದು ಆನ್‌ಲೈನ್ ಹರಾಜಿಗೆ ಎರಡನೇ ಮಹಾಯುದ್ಧದ ಒಬ್ಬ ಜರ್ಮನ್ ಸೈನಿಕನ ಕಾಗದಗಳು ಬಂದಿದ್ದವು. ಅವನ ಸೋಲ್ಡ್‌ಬುಖ್ (ಸಂಬಳದ ಪುಸ್ತಕ), ಗಾಯಾಳು ಬ್ಯಾಡ್ಜಿನ ಪತ್ರ, 1941-42ರ ಪೂರ್ವ ರಂಗದ, ಅಂದರೆ ಸೋವಿಯತ್ ವಿರುದ್ಧದ ಯುದ್ಧದ, ಚಳಿಗಾಲದ ಪದಕದ ಪತ್ರ, ಐರನ್ ಕ್ರಾಸ್ ಎಂಬ ಶೌರ್ಯ ಪದಕದ ಎರಡನೇ ದರ್ಜೆಯ ಪತ್ರ. ಪತ್ರ ಅಂದರೆ ಪದಕದ ಜೊತೆ ಕೊಡುವ ಪ್ರಮಾಣಪತ್ರ. ನಾಲ್ಕರಲ್ಲೂ ಒಂದೇ ಹೆಸರು, ಆದರೆ ನಾಲ್ಕಕ್ಕೂ ಬೇರೆ ಬೇರೆ ಹರಾಜು. ದಯವಿಟ್ಟು ಒಟ್ಟಿಗೆ ಕೊಡಿ ಅಂತ ಮಾರುವವರಿಗೆ ಬರೆದೆ. ಬಿಡಿಬಿಡಿಯಾಗಿ ಮಾರಿದರೆ ಜಾಸ್ತಿ ದುಡ್ಡು ಬರುತ್ತದೆ ಎಂದರು. ನನಗೆ ದಕ್ಕಿದ್ದು ಎರಡೇ, ಸೋಲ್ಡ್‌ಬುಖ್ ಮತ್ತು ಗಾಯಾಳು ಬ್ಯಾಡ್ಜಿನ ಪತ್ರ. ಉಳಿದೆರಡು ಯಾರ ಕೈ ಸೇರಿದವೋ ಗೊತ್ತಿಲ್ಲ. ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಸೋಲ್ಡ್‌ಬುಖ್ ಸೈನಿಕನ ಸಂಬಳದ ಪುಸ್ತಕ ಮಾತ್ರವಲ್ಲ, ಅದೇ ಅವನ ಗುರುತಿನ ಚೀಟಿಯೂ ಹೌದು. ಯಾವಾಗಲೂ ಮೈಮೇಲೆ ಇರಬೇಕಿತ್ತು. ಅದಕ್ಕೇ ಮೂಲೆಗಳು ಸವೆದಿರುತ್ತವೆ, ಬೆವರಿನ ಕಲೆ ಇರುತ್ತದೆ. ಅದರೊಳಗೆ ಏನೇನೆಲ್ಲ ಇದೆ ನೋಡಿ: ಎತ್ತರ, ಕಣ್ಣಿನ ಬಣ್ಣ, ಬೂಟಿನ ಅಳತೆ, ಹಾಕಿಸಿಕೊಂಡ ಚುಚ್ಚುಮದ್ದುಗಳು, ಮನೆಯವರ ವಿಳಾಸ, ಆಸ್ಪತ್ರೆ ಸೇರಿದ ತಾರೀಖು, ರಜೆ. 22ನೇ ಪುಟದಲ್ಲಿ ಪದಕಗಳ ಪಟ್ಟಿ. ವೇರ್‌ಪಾಸ್, ಅಂದರೆ ಸೈನಿಕ ಸೇವೆಯ ದಾಖಲೆ ಪುಸ್ತಕ, ಬೇರೆ. ಸೈನಿಕ ಸೇವೆಯಲ್ಲಿ ಇರುವಷ್ಟು ದಿನ ಅದು ಅವನ ತುಕಡಿಯ ಕಚೇರಿಯಲ್ಲಿ ಇರುತ್ತಿತ್ತು, ಯುದ್ಧದಲ್ಲಿ ಸತ್ತರೆ ಮನೆಯವರಿಗೆ ಕಳಿಸುತ್ತಿದ್ದರು. ಎಷ್ಟೋ ಮನೆಗಳಲ್ಲಿ ವೇರ್‌ಪಾಸ್ ಉಳಿದಿದ್ದು ಹೀಗೇ.

ನನ್ನ ಸೈನಿಕನ ಆಸ್ಪತ್ರೆ ಪುಟದ ಪ್ರಕಾರ ಅವನು ಸೇರಿದ್ದು 1942ರ ಫೆಬ್ರವರಿಯಲ್ಲಿ. ಯಾವ ಕಾಯಿಲೆ ಅಂತ ಹೆಸರು ಬರೆದಿಲ್ಲ, ಬರೀ ಒಂದು ಸಂಖ್ಯೆ. ಸೈನ್ಯದವರು ಕಾಯಿಲೆಗಳನ್ನು ಸಂಖ್ಯೆಯಲ್ಲೇ ಬರೆಯುತ್ತಿದ್ದರು. ಅದು ಹಿಮಕಡಿತದ ಸಂಖ್ಯೆ ಎಂದು ಹುಡುಕಿ ತಿಳಿದುಕೊಂಡೆ. ಆಮೇಲೆ ಗಾಯಾಳು ಬ್ಯಾಡ್ಜಿನ ಪತ್ರ ತೆಗೆದೆ. ಕಪ್ಪು ಬ್ಯಾಡ್ಜು, ಅಂದರೆ ಒಂದು ಅಥವಾ ಎರಡು ಗಾಯಕ್ಕೆ ಕೊಡುವುದು. ಮೂರು ನಾಲ್ಕಾದರೆ ಬೆಳ್ಳಿ, ಐದು ಅಥವಾ ಹೆಚ್ಚಾದರೆ ಚಿನ್ನದ್ದು. ತೀವ್ರ ಹಿಮಕಡಿತವನ್ನೂ ಗಾಯ ಎಂದೇ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಪತ್ರದಲ್ಲಿರುವ ಗಾಯದ ತಾರೀಖು ಆಸ್ಪತ್ರೆ ಸೇರುವುದಕ್ಕೆ ಎರಡು ದಿನ ಮೊದಲಿನದು. ಬ್ಯಾಡ್ಜು ಅಂದಾಗ ಎಲ್ಲರೂ ಗುಂಡೇಟನ್ನೇ ಊಹಿಸಿಕೊಳ್ಳುತ್ತಾರೆ, ಅಲ್ವಾ? ಇವನಿಗೆ ಆಗಿದ್ದು ಚಳಿಯ ಗಾಯ. ಅವತ್ತು ಬೂಟಿನ ಅಳತೆ ಬರೆದ ಪುಟಕ್ಕೆ ಮತ್ತೆ ತಿರುಗಿಸಿ, ತುಂಬ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಕಳೆದುಹೋದ ಚಳಿಗಾಲದ ಪದಕದ ಪತ್ರವೂ ಇದೇ ಕಥೆಗೆ ಸೇರಿದ್ದು. ಆ ಪದಕವನ್ನು 1942ರ ಮೇ 26ರಂದು ಸ್ಥಾಪಿಸಿದರು. ಸೈನಿಕರು ಅದನ್ನು ತಮ್ಮೊಳಗೆ 'ಹೆಪ್ಪುಗಟ್ಟಿದ ಮಾಂಸದ ಪದಕ' ಎಂದು ಕರೆಯುತ್ತಿದ್ದರು. ಬಿಡಿಯಾಗಿ ಕೊಂಡವರ ಕೈಯಲ್ಲಿ ಅದು ಒಂದು ಹೆಸರಿರುವ ಅಚ್ಚಿನ ಕಾಗದ ಅಷ್ಟೇ. ಐರನ್ ಕ್ರಾಸಿನ ಪತ್ರಗಳಿಗಂತೂ ಬೆಲೆ ಕಟ್ಟುವುದು ಕೆಳಗೆ ಸಹಿ ಹಾಕಿದ ಜನರಲ್ ಯಾರು ಅನ್ನುವುದರ ಮೇಲೆ. ಪದಕ ಪಡೆದವನನ್ನು ಕೇಳುವವರೇ ಇಲ್ಲ. ಇದು ತಪ್ಪು ಅಂತಲೇ ನಾನು ಹೇಳುತ್ತೇನೆ.

ನಕಲಿ ಹಿಡಿಯುವುದಕ್ಕೂ ಪೂರ್ತಿ ಸೆಟ್ ಬೇಕು. ಈ ವಸ್ತುಗಳಲ್ಲಿ ನಕಲಿ ವಿಪರೀತ. ಯುವಿ (ಅತಿನೇರಳೆ) ದೀಪದ ಕೆಳಗೆ ಕಾಗದ ನೀಲಿಯಾಗಿ ಹೊಳೆದರೆ ಕೈಬಿಡಿ, ಕಾಗದವನ್ನು ಹಾಗೆ ಹೊಳೆಯಿಸುವ ರಾಸಾಯನಿಕ ಬಳಕೆಗೆ ಬಂದಿದ್ದು ಯುದ್ಧದ ನಂತರ. ಹೊಳೆಯಲಿಲ್ಲ ಅಂದಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ಹಳೇ ಖಾಲಿ ಕಾಗದದ ಮೇಲೆ ಹೊಸದಾಗಿ ಟೈಪ್ ಮಾಡುವವರಿದ್ದಾರೆ. ಆದರೆ ಪತ್ರದ ತಾರೀಖು, 22ನೇ ಪುಟದ ದಾಖಲೆ, ಆಸ್ಪತ್ರೆ ಪುಟ, ತುಕಡಿಯ ಹೆಸರು, ಇವೆಲ್ಲ ಒಂದಕ್ಕೊಂದು ಕೂಡಿಬರುವಂತೆ ಸುಳ್ಳು ಹೆಣೆಯುವುದು ಬಹಳ ಕಷ್ಟ. ಇನ್ನೊಂದು ವಿಷಯ, ಜರ್ಮನಿಯಲ್ಲಿ ನಾಜಿ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದಕ್ಕೆ ಕಾನೂನಿನ ತಡೆ ಇರುವುದರಿಂದ ಮಾರುವವರು ಫೋಟೊದಲ್ಲಿ ಆ ಚಿಹ್ನೆಯಿರುವ ಸೀಲನ್ನು ಮುಚ್ಚಿರುತ್ತಾರೆ. ಪರೀಕ್ಷೆ ಮಾಡಬೇಕಾದ ಜಾಗವೇ ಅದು. ಕೊಳ್ಳುವ ಮೊದಲು ಸೀಲನ್ನು ಸರಿಯಾಗಿ ನೋಡಲು ಏನು ದಾರಿ ಅಂತ ಕೇಳಿ.

ಈಗ ಕಷ್ಟದ ಮಾತು. ಇವನು ಹಿಟ್ಲರನ ಸೈನ್ಯದಲ್ಲಿದ್ದವನು. ಪದಕದ ಪತ್ರ ಅವನು ಪಟ್ಟ ನೋವನ್ನು ಹೇಳುತ್ತದೆ, ಅವನ ತುಕಡಿ ಹಾದುಹೋದ ಹಳ್ಳಿಗಳಲ್ಲಿ ಏನು ನಡೆಯಿತು ಅಂತ ಹೇಳುವುದಿಲ್ಲ. ಸಾಮಾನ್ಯ ಸೈನಿಕರಿಗೂ ಅಲ್ಲಿ ನಡೆದ ನಾಗರಿಕರ ಕೊಲೆಗಳಿಗೂ ಸಂಬಂಧವೇ ಇಲ್ಲ ಎಂಬ ನಂಬಿಕೆ ಜರ್ಮನಿಯಲ್ಲೇ ಬಹಳ ಕಾಲ ಇತ್ತು. 1995ರಲ್ಲಿ ಹ್ಯಾಂಬರ್ಗಿನ ಸಂಶೋಧನಾ ಸಂಸ್ಥೆಯೊಂದು ಸೈನ್ಯದ ಅಪರಾಧಗಳ ಬಗ್ಗೆ ಪ್ರದರ್ಶನ ಶುರುಮಾಡಿದಾಗ ದೊಡ್ಡ ಜಗಳವೇ ಆಯಿತು. ಹಾಗಾಗಿ ಸೋಲ್ಡ್‌ಬುಖ್ ಕೈಗೆ ಬಂದರೆ ನಾನು ತುಕಡಿಯ ಹೆಸರನ್ನು ಬರೆದುಕೊಂಡು, ಅದು ಯಾವ ತಿಂಗಳು ಎಲ್ಲಿತ್ತು, ಅಲ್ಲಿನ ಜನರಿಗೆ ಏನಾಯಿತು ಅಂತ ಓದುತ್ತೇನೆ. ಸಿಕ್ಕಿದ್ದನ್ನು ಅದೇ ಫೈಲಿನಲ್ಲಿ ಇಡುತ್ತೇನೆ, ಚೆನ್ನಾಗಿಲ್ಲದ್ದನ್ನೂ.

ಬರ್ಲಿನ್‌ನಲ್ಲಿ ಸೈನಿಕರ ಮಾಹಿತಿ ಇಟ್ಟುಕೊಂಡಿದ್ದ ವಾಸ್ಟ್ ಎಂಬ ಕಚೇರಿ 2019ರಿಂದ ಜರ್ಮನಿಯ ರಾಷ್ಟ್ರೀಯ ಪತ್ರಾಗಾರ ಬುಂಡೆಸ್‌ಆರ್ಕೀಫ್‌ಗೆ ಸೇರಿದೆ. 1.8 ಕೋಟಿಗೂ ಹೆಚ್ಚು ಜನರ ಕಾರ್ಡುಗಳಿವೆ. ಸತ್ತು 10 ವರ್ಷ ಕಳೆದಿದ್ದರೆ, ಅಥವಾ ಸತ್ತ ವರ್ಷ ಗೊತ್ತಿಲ್ಲದೆ ಹುಟ್ಟಿ 100 ವರ್ಷ ಆಗಿದ್ದರೆ, ಸಂಬಂಧಿಕರಲ್ಲದವರೂ ಅರ್ಜಿ ಹಾಕಬಹುದು. ನನ್ನ ಸೈನಿಕ ಹುಟ್ಟಿದ್ದು 1919ರಲ್ಲಿ, ಅರ್ಜಿ ಕಳಿಸಿದ್ದೇನೆ. ಎಲ್ಲ ಸಿಗುತ್ತದೆ ಎಂಬ ಆಸೆ ಇಲ್ಲ. ಪೋಟ್ಸ್‌ಡಾಮಿನಲ್ಲಿದ್ದ ಸೈನ್ಯದ ದಾಖಲೆಗಳಲ್ಲಿ ಬಹುಪಾಲು 1945ರ ಏಪ್ರಿಲ್‌ನ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಎಷ್ಟೋ ಸಲ ನಮ್ಮ ಕೈಲಿರುವ ಕಾಗದವೇ ಉಳಿದಿರುವ ಒಂದೇ ಸಾಕ್ಷಿ.

ತಪ್ಪಿಹೋದ ಆ ಎರಡು ಪತ್ರಗಳ ಫೋಟೊಗಳನ್ನು ಹರಾಜು ಮುಗಿಯುವ ಮೊದಲೇ ಉಳಿಸಿಕೊಂಡಿದ್ದೆ. ಪ್ರಿಂಟ್ ತೆಗೆದು ಸೋಲ್ಡ್‌ಬುಖ್ ಜೊತೆ ಒಂದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಅಸಲಿ ಪತ್ರಗಳು ಇನ್ನೊಮ್ಮೆ ಮಾರಾಟಕ್ಕೆ ಬಂದರೆ ತಿಳಿಯಲಿ ಅಂತ ವಾರಕ್ಕೊಮ್ಮೆ ಅವನ ಹೆಸರು ಹಾಕಿ ಹುಡುಕುತ್ತೇನೆ.