ಕಪ್ಪತಗುಡ್ಡ: ನಸುಕಿನಲ್ಲಿ ಗುಡ್ಡ, ಮಧ್ಯಾಹ್ನ ಡಂಬಳ

ಕಪ್ಪತಗುಡ್ಡ ನೋಡುವುದಾದರೆ ಆಗಸ್ಟ್‌ನಿಂದ ನವೆಂಬರ್ ಒಳಗೆ ಹೋಗಿ. ಕೆಂಪು ಮಣ್ಣಿನ ಮೇಲೆ ಹುಲ್ಲು ಎದ್ದಿರುತ್ತದೆ, ಮೋಡ ಗುಡ್ಡದ ನೆತ್ತಿ ಸವರಿ ಹೋಗುತ್ತದೆ. ಏಪ್ರಿಲ್‌ನಲ್ಲಿ ಹೋದವರು ಬೋಳು ಗುಡ್ಡ ಎಂದು ಮರಳುತ್ತಾರೆ.

ಹುಬ್ಬಳ್ಳಿಯಿಂದ ಗದಗ ಸುಮಾರು 58 ಕಿ.ಮೀ., ಅಲ್ಲಿಂದ ಡಂಬಳ 20ರ ಆಸುಪಾಸು. ಡಂಬಳ ದಾಟಿ ಡೋಣಿ ಕಡೆಯಿಂದ ಗುಡ್ಡ ಹತ್ತಬಹುದು. ಸ್ವಂತ ಗಾಡಿ ಇಲ್ಲವೇ ಗದಗಿನಿಂದ ಬಾಡಿಗೆ ಗಾಡಿ ಒಳ್ಳೆಯದು. ಬಸ್ಸನ್ನೇ ನಂಬಿದರೆ ಸಂಜೆ ಮರಳುವುದು ಕಷ್ಟ. 2019ರಿಂದ ಇದು ವನ್ಯಜೀವಿಧಾಮ, ವಿಸ್ತಾರ ಸುಮಾರು 244 ಚದರ ಕಿ.ಮೀ. ಯಾವ ದಾರಿ ತೆರೆದಿದೆ, ಅನುಮತಿ ಬೇಕೇ ಎಂಬುದನ್ನು ಗದಗಿನ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ನಸುಕಿನಲ್ಲೇ ಹತ್ತಲು ಶುರು ಮಾಡಿ. ಮೇಲೆ ನೆರಳು ಕಡಿಮೆ, ಅಂಗಡಿ ಇಲ್ಲ. ತಲೆಗೆ 3 ಲೀಟರ್ ನೀರು ಬೇಕು. ಗಾಳಿಗುಂಡಿ ಬಸವಣ್ಣನ ಗುಡಿಯ ಕಡೆ ಗಾಳಿ ಹೆಸರಿಗೆ ತಕ್ಕಂತೆಯೇ ಬೀಸುತ್ತದೆ, ಛತ್ರಿ ಉಪಯೋಗಕ್ಕೆ ಬರುವುದಿಲ್ಲ; ಟೊಪ್ಪಿಗೆಗೆ ದಾರ ಕಟ್ಟಿಕೊಳ್ಳಿ. ಜಾರುವುದು ಹತ್ತುವಾಗಲ್ಲ, ಇಳಿಯುವಾಗ: ಉರುಟು ಹರಳುಗಳು ಕಾಲಡಿ ಉರುಳುತ್ತವೆ. ಚಪ್ಪಲಿ ಬೇಡ, ಹಿಡಿತವಿರುವ ಬೂಟು ಹಾಕಿ.

ಇಲ್ಲಿನ ಬಾದೆ ಹುಲ್ಲಿನ ಒಂದು ಎಸಳನ್ನು ಬೆರಳಲ್ಲಿ ತಿಕ್ಕಿ ನೋಡಿ, ಎಣ್ಣೆಯ ಘಮ ಬರುತ್ತದೆ. ಆ ಎಣ್ಣೆಯಿಂದಲೇ ಒಣಗಿದ ಹುಲ್ಲಿಗೆ ಬೆಂಕಿ ಬಿದ್ದರೆ ಗಾಳಿಯೊಡನೆ ಗುಡ್ಡವಿಡೀ ಓಡುತ್ತದೆ. ಬೀಡಿ, ಬೆಂಕಿಪೊಟ್ಟಣ, ಒಲೆ ಯಾವುದೂ ಬೇಡ. ಔಷಧಿ ಗಿಡ ಕೀಳುವುದೂ ಬೇಡ; ಈ ಗುಡ್ಡ ಉಳಿದಿರುವುದೇ ಗಣಿಗಾರಿಕೆ ವಿರುದ್ಧ ಊರವರು ನಡೆಸಿದ ಹೋರಾಟದಿಂದ.

ಬಿಸಿಲು ಏರುವಾಗ ಡಂಬಳಕ್ಕೆ ಇಳಿಯಿರಿ. ದೊಡ್ಡಬಸಪ್ಪನ ಗುಡಿ ಒಳಗೆ ತಂಪಾಗಿರುತ್ತದೆ. ಹೊರಗೆ ಗರ್ಭಗುಡಿಯ ಗೋಡೆ ನಕ್ಷತ್ರದ ಹಾಗೆ 24 ಮೂಲೆಗಳಾಗಿ ಮಡಚಿಕೊಂಡಿದೆ. ಎಣಿಸುತ್ತ ಸುತ್ತಿದರೆ ನಡುವೆ ಲೆಕ್ಕ ತಪ್ಪುವುದು ಸಹಜ. ಒಂದು ಕಲ್ಲನ್ನು ಗುರುತಿಟ್ಟುಕೊಂಡು ಎಣಿಸಿ. 1095ರ ಶಾಸನವೊಂದು ಇಲ್ಲಿ ಬೌದ್ಧ ವಿಹಾರವೂ, ತಾರಾದೇವಿಯ ಪೂಜೆಯೂ ಇದ್ದುದನ್ನು ಹೇಳುತ್ತದೆ.

ಊಟಕ್ಕೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ ಕೇಳಿ. ಸಂಜೆ ಗದಗಿನಲ್ಲಿ ಗಿರಮಿಟ್ಟು, ಜೊತೆಗೆ ಬದನೆಕಾಯಿ ಭಜಿ. ಗಿರಮಿಟ್ಟನ್ನು ಮಾರುವ ತಳ್ಳುಗಾಡಿಯ ಬಳಿಯೇ ತಿನ್ನಿ. ಹುಣಸೆ ಗೊಜ್ಜು ಕಲೆಸಿದ ಐದೇ ನಿಮಿಷದಲ್ಲಿ ಚುರುಮುರಿ ಮೆತ್ತಗಾಗುತ್ತದೆ. ಮನೆಗೆ ಗರಿಗರಿಯಾದ ಕಟಕ ರೊಟ್ಟಿ ಒಯ್ಯುವುದಾದರೆ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್‌ನಲ್ಲಿ ಬಿಗಿದರೆ ಬೆವೆತು ಮೆದುವಾಗಿ, ಬೇಗ ಬೂಸ್ಟು ಹಿಡಿಯುತ್ತದೆ.