ಕಲ್ಲಚ್ಚಿನಲ್ಲಿ ಕುಳಿತ ಶಾಸನಸಭೆ

ಲೋವರ್ ಪರೇಲಿನ ಆಫ್‌ಸೆಟ್ ಮುದ್ರಣಾಲಯವೊಂದರಲ್ಲಿ ಇಪ್ಪತ್ತಾರು ವರ್ಷ ದುಡಿದವನಾದ್ದರಿಂದ, ಯಾವ ಚಿತ್ರವನ್ನು ಕಂಡರೂ ಮೊದಲು ಅದರ ಕಪ್ಪು ಹೇಗೆ ಬಿದ್ದಿದೆ ಎಂದು ನೋಡುವುದು ನನ್ನ ಅಭ್ಯಾಸ. ಮಾಟುಂಗಾದ ಗೆಳೆಯರೊಬ್ಬರ ಮನೆಯಲ್ಲಿರುವ ಕಲಾಪುಸ್ತಕದಲ್ಲಿ ಕಳೆದ ವಾರ ಫ್ರಾನ್ಸಿನ ವ್ಯಂಗ್ಯಚಿತ್ರಕಾರ ಓನೊರೆ ದೋಮಿಯೆಯ ‘ಶಾಸನಸಭೆಯ ಹೊಟ್ಟೆ’ ಎಂಬ ಚಿತ್ರವನ್ನು ಕಂಡಾಗ ಆ ಕಪ್ಪಿನಿಂದ ಕಣ್ಣು ಕೀಳಲಾಗಲಿಲ್ಲ.

1834ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಈ ಕಲ್ಲಚ್ಚು, ಫ್ರಾನ್ಸಿನ ಅಂದಿನ ದೊರೆ ಲೂಯಿ ಫಿಲಿಪ್‌ನ ಮಂತ್ರಿಗಳನ್ನೂ ಅವರ ಬೆಂಬಲಿಗ ಸದಸ್ಯರನ್ನೂ ಅರ್ಧಚಂದ್ರಾಕಾರದ ಸಾಲುಗಳಲ್ಲಿ ಕೂರಿಸಿ ತೋರಿಸುತ್ತದೆ. ಯಾರೂ ಭಾಷಣ ಮಾಡುತ್ತಿಲ್ಲ. ಕೆಲವರು ತೂಕಡಿಸುತ್ತಿದ್ದಾರೆ, ಕೆಲವರು ಪಕ್ಕದವರೊಡನೆ ಪಿಸುಗುಟ್ಟುತ್ತಿದ್ದಾರೆ, ಉಳಿದವರು ಹೊಟ್ಟೆ ಹೊತ್ತು ಸುಮ್ಮನೆ ಕುಳಿತಿದ್ದಾರೆ. ಚರ್ಚೆಯನ್ನು ಅಣಕಿಸಲು ಚರ್ಚೆಯೇ ನಡೆಯದ ಸಭೆಯನ್ನು ಬರೆದದ್ದು ದೋಮಿಯೆಯ ದೊಡ್ಡತನವೆಂದು ನಾನು ನಂಬಿದ್ದೇನೆ. ಆ ಮುಖಗಳನ್ನು ಅವನು ಮೊದಲು ಹಸಿಮಣ್ಣಿನಲ್ಲಿ ಮಾಡಿ, ಸುಡದೆ, ಬಣ್ಣ ಬಳಿದು ಇಟ್ಟುಕೊಂಡಿದ್ದ. ಅವುಗಳಲ್ಲಿ 36 ಇಂದಿಗೂ ಪ್ಯಾರಿಸ್ಸಿನ ಓರ್ಸೇ ಸಂಗ್ರಹಾಲಯದಲ್ಲಿವೆ. ಕೆನ್ನೆಯ ಜೋಲು, ಕತ್ತಿನ ಮಡಿಕೆಗಳು ಚಿತ್ರದಲ್ಲಿ ಕೈಗೆ ಸಿಗುವಂತೆ ತೋರುವುದು ಇದರಿಂದಲೇ.

ಕಲ್ಲಚ್ಚಿನಲ್ಲಿ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ, ಜಿಡ್ಡಿರುವಲ್ಲಿ ಮಾತ್ರ ಶಾಯಿ ನಿಲ್ಲುತ್ತದೆ. ನಾನು ದಿನವೂ ನಡೆಸುತ್ತಿದ್ದ ಆಫ್‌ಸೆಟ್ ಯಂತ್ರದ ಮೂಲತತ್ತ್ವವೂ ಇದೇ. ಮಂಗಳೂರಿನಲ್ಲಿ 1843ರಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವೂ ಕಲ್ಲಿನಿಂದಲೇ ಅಚ್ಚಾಗಿತ್ತೆಂಬುದನ್ನು ನೆನೆದಾಗ, ಆ ಪ್ಯಾರಿಸ್ ನಮ್ಮಿಂದ ತೀರ ದೂರದ್ದೆನಿಸುವುದಿಲ್ಲ. ಲಂಡನ್ನಿನ ವ್ಯಂಗ್ಯ ಪತ್ರಿಕೆ ‘ಪಂಚ್’ಗೆ ಜಾನ್ ಟೆನಿಯೆಲ್ ಬರೆದ, ಬ್ರಿಟನ್ನಿನ ಪ್ರಧಾನಿಗಳಾಗಿದ್ದ ಗ್ಲಾಡ್‌ಸ್ಟನ್, ಡಿಸ್ರೇಲಿಯವರ ಚಿತ್ರಗಳೂ ಸೊಗಸಾಗಿವೆ. ಆದರೆ ಅವನ ಗೆರೆಯನ್ನು ಇನ್ನೊಬ್ಬ ಕುಶಲಕರ್ಮಿ ಮರದ ಹಲಗೆಯಲ್ಲಿ ಕೊರೆಯಬೇಕಿತ್ತು. ಕಲ್ಲಿನ ಮೇಲೆ ದೋಮಿಯೆಯ ಕೈ ಒತ್ತಿದ ಒತ್ತಡವೇ ಕಾಗದಕ್ಕೆ ಬರುತ್ತದೆ, ನಡುವೆ ಯಾರೂ ಇಲ್ಲ.

ಇಂಥ ಚಿತ್ರಗಳಿಗೆ ಬೆಲೆ ತೆರಬೇಕಿತ್ತು. ದೊರೆಯನ್ನು ಹೊಟ್ಟೆಬಾಕನಾಗಿ ಚಿತ್ರಿಸಿದ್ದಕ್ಕೆ ದೋಮಿಯೆಗೆ 1832ರಲ್ಲಿ ಆರು ತಿಂಗಳ ಸೆರೆವಾಸದ ಶಿಕ್ಷೆಯಾಗಿತ್ತು. ಅವನ ಪ್ರಕಾಶಕ ಶಾರ್ಲ್ ಫಿಲಿಪೋಂ ದಂಡದ ಹಣ ಹೊಂದಿಸಲೆಂದು ಚಂದಾದಾರರಿಗೆ ತಿಂಗಳಿಗೊಂದು ಚಿತ್ರ ಕಳಿಸುವ ಯೋಜನೆ ಹೂಡಿದ. ‘ಶಾಸನಸಭೆಯ ಹೊಟ್ಟೆ’ ಬಂದದ್ದು ಆ ಯೋಜನೆಯಲ್ಲೇ. 1835ರ ಸೆಪ್ಟೆಂಬರ್ ಕಾನೂನು ಚಿತ್ರಗಳಿಗೆ ಮುಂಚಿತ ಅನುಮತಿಯನ್ನು ಕಡ್ಡಾಯಗೊಳಿಸಿ, ಬರೆಹಕ್ಕೆ ಉಳಿಸಿದ ಸ್ವಾತಂತ್ರ್ಯವನ್ನು ಗೆರೆಯಿಂದ ಕಸಿದುಕೊಂಡಿತು. ಅಚ್ಚಿನ ಕೆಲಸದವನಾಗಿ ನನಗೆ ಇದು ಇಂದಿಗೂ ನೋವಿನ ಸಂಗತಿ.

1848ರ ಕ್ರಾಂತಿಯ ಬಳಿಕ ಹೊಸ ಸಭೆ ಕೂಡಿದಾಗ ದೋಮಿಯೆ ಮತ್ತೆ ಸದಸ್ಯರ ಮುಖಗಳಿಗೆ ಮರಳಿದ. ಗೆಳೆಯರ ಪುಸ್ತಕದಲ್ಲಿ ಆ ಸರಣಿಯ ಚಿತ್ರಗಳು ಎರಡೇ ಇವೆ, ಉಳಿದವನ್ನು ಹುಡುಕುತ್ತಿದ್ದೇನೆ.